ಊರ ಹಂಡೆಗೆ ಹದ ಹಿಡಿಸಿದ್ದು

ನಮ್ಮೂರಲ್ಲಿ ಯಾರ ಮನೆಯಲ್ಲೂ ನೀರೊಲೆ ಇಲ್ಲ. ಊರಿಗೆಲ್ಲ ಒಂದೇ ಹಂಡೆ. ಕೋಟೆ ಬಾಗಿಲಿನ ಪಕ್ಕದ ಕಲ್ಲುಮನೆಯಲ್ಲಿ, ದಪ್ಪನೆಯ ಕಲ್ಲುಹಾಸಿನ ಮೇಲೆ ಅದು ಕೂತಿದೆ. ಅಲ್ಲಿಂದ ಹೊರಟ ಕೊಳವೆಗಳು ಪ್ರತಿ ಮನೆಯ ಬಚ್ಚಲಿಗೂ ಹೋಗುತ್ತವೆ. ಬೆಳಿಗ್ಗೆ ಆ ನೀರಲ್ಲಿ ಮಿಂದವರಿಗೆ ಅವತ್ತಿಡೀ ಆ ನೀರಿನದೇ ಗುಣ. ನೀರು ಹದವಾಗಿದ್ದರೆ ಜನ ಜನರ ಹಾಗೆ ಇರುತ್ತಾರೆ. ತಣ್ಣಗಿದ್ದರೆ ಅಳುತ್ತಾರೆ. ಸುಡುತ್ತಿದ್ದರೆ ಜಗಳಕ್ಕೆ ನಿಲ್ಲುತ್ತಾರೆ. ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಬಾಯಿಗೆ ಬಂದುಬಿಡುತ್ತದೆ.

ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಹೆಣ್ಣು ನೋಡಲು ಬಂದವರು ಮೊದಲು ಬಚ್ಚಲಿಗೆ ಹೋಗಿ ನೀರಿಗೆ ಬೆರಳದ್ದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಜಮಖಾನೆಯ ಮೇಲೆ ಕೂರುತ್ತಾರೆ. ಸುಡುನೀರಿನ ದಿನ ಕ್ಷೌರದಂಗಡಿ ತೆರೆಯುವುದಿಲ್ಲ, ಕತ್ತಿ ಹಿಡಿಯುವ ಕೆಲಸವಲ್ಲವೇ. ತಣ್ಣೀರಿನ ದಿನ ಬಸ್ಸಿನ ಕಂಡಕ್ಟರು ಬಿಕ್ಕುತ್ತ ಟಿಕೆಟ್ ಹರಿದುಕೊಟ್ಟರೆ ಯಾಕೆಂದು ಯಾರೂ ಕೇಳುವುದಿಲ್ಲ. ಇಳಿಯುವ ಜಾಗ ಹೇಳಿ ತಾವೂ ಬಿಕ್ಕುತ್ತಾರೆ. ಸ್ನಾನ ತಪ್ಪಿಸುವವರನ್ನು ಮಾತ್ರ ಊರು ನಂಬುವುದಿಲ್ಲ. ಅವರು ಏನನ್ನೋ ಮುಚ್ಚಿಡುತ್ತಿದ್ದಾರೆಂದು ಅನುಮಾನ. ಬಿಸಿ ಹೆಚ್ಚಾದರೆ ತಣ್ಣೀರು ಬೆರೆಸಬಾರದೇ ಎಂದು ಪರವೂರಿನವರು ಕೇಳುವುದುಂಟು. ಒಮ್ಮೆ ಬೆರೆಸಿ ನೋಡಿಯಾಗಿದೆ. ಅವತ್ತು ಜನ ಅಳುತ್ತಳುತ್ತಲೇ ಹೊಡೆದಾಡಿದರು. ನೋಡಲಾಗಲಿಲ್ಲ.

ಸೌದೆಯ ಕಾಲದಲ್ಲಿ ಹಂಡೆ ಹೇಗೋ ನಡೆಯುತ್ತಿತ್ತು. ಆಮೇಲೆ ಪುರಸಭೆಯವರು ಅಧ್ಯಯನ ಪ್ರವಾಸಕ್ಕೆ ಹೋದರು. ಊರೂರು ತಿರುಗಿ, ಇಂಥ ಹಂಡೆ ಎಲ್ಲೂ ಇಲ್ಲವೆಂದು ಅಧ್ಯಯನ ಮಾಡಿ, ಬರುವಾಗ ಒಂದು ಕಂಟ್ರೋಲರ್ ಪೆಟ್ಟಿಗೆ ತಂದರು. ಸೌದೆ ಹೋಯಿತು, ಕಲ್ಲುಹಾಸಿನ ಕೆಳಗೆ ಕರೆಂಟಿನ ಕಾಯಿಲ್ ಬಂತು. ಅಧ್ಯಕ್ಷ ಕೊಟ್ರಬಸಪ್ಪನವರು ರಿಬ್ಬನ್ ಕತ್ತರಿಸಿ, "ಇನ್ನು ಮುಂದೆ ಊರಿನ ಮನಸ್ಸನ್ನ ಯಂತ್ರ ನೋಡಿಕೊಳ್ಳುತ್ತೆ, ನೀವು ಆರಾಮಾಗಿರಿ" ಎಂದರು.

ಯಂತ್ರ ನೋಡಿಕೊಂಡಿತು. ಆದರೆ ಹಂಡೆ ನಿಧಾನದ ಪ್ರಾಣಿ. ಬೆಳಿಗ್ಗೆ ಕೊಟ್ಟ ಬಿಸಿ ಕಲ್ಲನ್ನು ದಾಟಿ ನೀರಿಗೆ ಮುಟ್ಟುವುದು ಸಂಜೆಗೆ. ಪೆಟ್ಟಿಗೆಗೆ ಇದು ಗೊತ್ತಿಲ್ಲ. ನೀರು ತಣ್ಣಗಿದೆ ಎಂದು ಪೂರ್ತಿ ಬಿಸಿ ಕೊಡುತ್ತಿತ್ತು. ಕೊಟ್ಟರೂ ಏರಲಿಲ್ಲವೆಂದು ಕೊಡುತ್ತಲೇ ಇರುತ್ತಿತ್ತು. ಕೊನೆಗೆ ನೀರು ಹದಕ್ಕೆ ಬಂದಾಗ ನಿಲ್ಲಿಸುತ್ತಿತ್ತು, ನಿಜ. ಅಷ್ಟು ಹೊತ್ತಿಗೆ ಕಲ್ಲಿನ ಹೊಟ್ಟೆಯಲ್ಲಿ ತುಂಬಿಕೊಂಡ ಬಿಸಿ ಮೇಲೆ ಬರುತ್ತಲೇ ಇರುತ್ತಿತ್ತು. ನೀರು ಕುದಿಯುವ ಹಾಗಾಗಿ, ಆಮೇಲೆ ಆರಿ, ಆರಿದ್ದು ಹದಕ್ಕಿಂತ ಕೆಳಗಿಳಿದು, ಪೆಟ್ಟಿಗೆ ಎಚ್ಚೆತ್ತು ಮತ್ತೆ ಪೂರ್ತಿ ಬಿಸಿ. ಹೀಗಾಗಿ ವಾರದ ಮೊದಲರ್ಧ ಊರಲ್ಲಿ ಹೊಡೆದಾಟ, ಉಳಿದರ್ಧ ಅಳು. ಸೋಮವಾರ ಹೊಡೆದವರು ಗುರುವಾರ ಬಂದು ಹೊಡೆಸಿಕೊಂಡವರ ಕಾಲು ಹಿಡಿದು ಅಳುತ್ತಿದ್ದರು, ಅವರೂ ಇವರನ್ನು ತಬ್ಬಿಕೊಂಡು ಅಳುತ್ತಿದ್ದರು. ಪೊಲೀಸ್ ಠಾಣೆಯಲ್ಲಿ ಒಂದು ಕೇಸೂ ನಿಲ್ಲಲಿಲ್ಲ. ಊರಲ್ಲಿ ಅಪರಾಧ ಇಳಿದಿದೆ ಎಂದು ಪುರಸಭೆ ಬ್ಯಾನರ್ ಕಟ್ಟಿಸಿತು.

ಬ್ಯಾನರನ್ನು ಸೋಮವಾರದ ಜನ ಹರಿದುಹಾಕಿದ ಮೇಲೆ ನನ್ನನ್ನು ಕರೆಸಿದರು. ನನ್ನ ಹೆಸರು ರುದ್ರಾಣಿ. ಈ ಊರಿಗೆ ಸೊಸೆಯಾಗಿ ಬರುವ ಮೊದಲು ಸಕ್ಕರೆ ಕಾರ್ಖಾನೆಯಲ್ಲಿ ಇಂಥ ಪೆಟ್ಟಿಗೆಗಳ ರಿಪೇರಿ ಮಾಡುತ್ತಿದ್ದೆ. ನನ್ನ ಗಂಡ ಲಾರಿ ಓಡಿಸುತ್ತಾರೆ, ಊರಿಗೆ ಬರುವುದು ಯಾವಾಗಲೋ ಒಮ್ಮೆ. ಮನೆಯಲ್ಲಿ ನಾನು ಮತ್ತು ಅತ್ತೆ ಹಾಲಮ್ಮ, ಇಬ್ಬರೇ. ನನಗೆ ಕೆಲಸ ಬರುತ್ತದೆಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ಅದನ್ನು ತಣ್ಣೀರೂ ಇಳಿಸಿಲ್ಲ, ಸುಡುನೀರೂ ಇಳಿಸಿಲ್ಲ.

ಕೆಲಸ ಕಷ್ಟದ್ದೇನಲ್ಲ, ಬೇಜಾರಿನದು. ಪೆಟ್ಟಿಗೆಯೊಳಗೆ ಮೂರು ಸಣ್ಣ ತಿರುಪುಗಳಿವೆ. ನೀರು ಹದಕ್ಕಿಂತ ಎಷ್ಟು ಕಡಿಮೆ ಇದೆ ಎಂದು ನೋಡುವುದು ಒಂದು, ಎಷ್ಟು ಹೊತ್ತಿನಿಂದ ಕಡಿಮೆ ಇದೆ ಎಂದು ನೆನಪಿಡುವುದು ಇನ್ನೊಂದು, ಎಷ್ಟು ರಭಸದಿಂದ ಏರುತ್ತಿದೆ ಎಂದು ಕಂಡು ಮೊದಲೇ ಕೈ ಬಿಗಿಹಿಡಿಯುವುದು ಮೂರನೆಯದು. ಇವುಗಳನ್ನು ಒಂದಕ್ಕೊಂದು ಹೊಂದಿಸಬೇಕು. ಒಂದು ಕೂದಲೆಳೆಯಷ್ಟು ತಿರುಗಿಸುವುದು, ಆಮೇಲೆ ಸುಮ್ಮನೆ ಕೂರುವುದು. ಏನಾಯಿತೆಂದು ಹಂಡೆ ಮಾರನೆಯ ದಿನ ಹೇಳುತ್ತದೆ. ಅವಸರಪಟ್ಟು ಮಧ್ಯೆ ಇನ್ನೊಮ್ಮೆ ತಿರುಗಿಸಿದರೆ ಯಾವ ತಿರುಪಿನ ಫಲ ಯಾವುದೆಂದು ಬ್ರಹ್ಮನಿಗೂ ತಿಳಿಯದು. ನಾನು ಅವರೆಕಾಯಿಯ ಚೀಲ ಒಯ್ದು ಹಂಡೆಯ ಪಕ್ಕ ಕೂತು ಸುಲಿಯುತ್ತಿದ್ದೆ.

ಸದಸ್ಯ ಕರಿಸಿದ್ದಪ್ಪನವರಿಗೆ ಇದು ಸರಿಬರಲಿಲ್ಲ. ಅಧ್ಯಕ್ಷರ ನೆರಳಿಗೂ ನಮಸ್ಕಾರ ಹಾಕುವ ಮನುಷ್ಯ ಅವರು. ಬಾಗಿಲಲ್ಲಿ ನಿಂತು, "ಏನಮ್ಮಾ, ಪುರಸಭೆ ಕರೆಸಿದ್ದು ಕಾಳು ಸುಲಿಯೋಕಾ?" ಎಂದರು.

"ಕಾಯ್ತಾ ಇದ್ದೀನಿ ಸಾರ್."

"ಕಾಯೋದು ನಮಗೂ ಬರುತ್ತೆ. ಏನಾದ್ರೂ ಮಾಡು."

"ಈಗ ಏನೂ ಮಾಡದೆ ಇರೋದೇ ಕೆಲಸ ಸಾರ್."

"ಅಧ್ಯಕ್ಷರಿಗೆ ಇದನ್ನೇ ಹೇಳ್ಲಾ?"

"ಹೇಳಿ. ಅವರಿಗೆ ಅರ್ಥವಾಗಬೋದು, ಅವರಿಗೂ ಅಭ್ಯಾಸ ಇದೆ."

ಅವತ್ತು ನೀರು ತುಸು ಸುಡುತ್ತಿತ್ತು. ಇಲ್ಲದಿದ್ದರೆ ನಾನು ಹಾಗೆ ಅನ್ನುತ್ತಿರಲಿಲ್ಲ.

ಹೀಗೆ ತಿರುಗಿಸಿ ಕಾಯುತ್ತಿರುವಾಗ ಒಂದು ಬೆಳಿಗ್ಗೆ ನೀರು ಹದ ದಾಟಿ, ಜಗಳದವರೆಗೆ ಹೋಗದೆ, ಮಧ್ಯೆ ಒಂದು ಕಡೆ ನಿಂತಿತು. ಅಲ್ಲಿ ಅದು ಯಾವತ್ತೂ ನಿಂತಿರಲಿಲ್ಲ, ಹಾಯ್ದು ಹೋಗುತ್ತಿತ್ತು ಅಷ್ಟೇ. ಅವತ್ತು ಊರಿಗೆ ಊರೇ ಹೊಗಳುವುದಕ್ಕೆ ಶುರುಮಾಡಿತು. ಹಾಲಿನವಳು ಎಮ್ಮೆಯನ್ನು ಹೊಗಳಿದಳು. ಮೇಷ್ಟ್ರು ಫೇಲಾದ ಹುಡುಗರನ್ನು ನಿಲ್ಲಿಸಿ ಅವರ ಧೈರ್ಯವನ್ನು ಹೊಗಳಿದರು. ಬಸ್ ನಿಲ್ದಾಣದಲ್ಲಿ ಅಧ್ಯಕ್ಷರು ಸಾರ್ವಜನಿಕ ಶೌಚಾಲಯ ಉದ್ಘಾಟಿಸಿದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ನಮ್ಮತ್ತೆ ಊಟದ ನಡುವೆ ತಟ್ಟೆಯಿಂದ ಕೈಯೆತ್ತಿ, "ರುದ್ರಾಣಿ, ಇಂಥಾ ಸಾರು ನಾನು ತವರಲ್ಲೂ ಉಂಡಿಲ್ಲ ಕಣೇ. ನಿನ್ನ ಕೈ ಬಂಗಾರ" ಎಂದರು. ನಾನು ಈ ಮನೆಗೆ ಬಂದ ಮೇಲೆ ಅವರು ನನ್ನ ಅಡುಗೆಯ ಬಗ್ಗೆ ಆಡಿದ ಮೊದಲ ಮಾತು ಅದು. ನೀರಿನ ಮಾತೆಂದು ನನಗೆ ಗೊತ್ತಿತ್ತು. ನೀರನ್ನು ಅಲ್ಲಿ ನಿಲ್ಲಿಸಿದ್ದೇ ನಾನು. ಆದರೂ ಕೈ ತಾನಾಗಿ ಇನ್ನೊಂದು ಸೌಟು ಬಡಿಸಿತು.

ಅದಾದ ಸ್ವಲ್ಪ ದಿನಕ್ಕೆ ಹಂಡೆ ಹದ ಹಿಡಿಯಿತು. ಹಿಡಿದದ್ದು ಹಿಡಿದೇ ಇತ್ತು. ಊರಲ್ಲಿ ಜನ ಅಂಗಡಿ ತೆರೆದರು, ಮುಚ್ಚಿದರು, ಬೇಕಾದಷ್ಟೇ ನಕ್ಕರು. ಹದವಾಗಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಹದದ ಲಕ್ಷಣವೇ ಅದು. ತಿಂಗಳೊಪ್ಪತ್ತಿನಲ್ಲಿ ಪುರಸಭೆಯ ಸಭೆಯೊಂದರಲ್ಲಿ, ಹಂಡೆ ತಾನಾಗಿ ಸರಿಯಿರುವಾಗ ಆ ಹೆಂಗಸು ಅಲ್ಲಿ ಯಾಕೆ ಎಂಬ ಪ್ರಶ್ನೆ ಎದ್ದಿತಂತೆ. ಚರ್ಚೆ ಮುಗಿಯುವ ಮೊದಲೇ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಬಂದರು.

ಅವರಿಗೆ ಅರವತ್ತು ತುಂಬುತ್ತಿತ್ತು. ಮುಂದೆ ಚುನಾವಣೆಯೂ ಇತ್ತು. ಶಾಲೆಯ ಮೈದಾನದಲ್ಲಿ ಪೆಂಡಾಲ್ ಹಾಕಿ ಅವರಿಗೆ 'ನಗರಭೂಷಣ' ಎಂಬ ಬಿರುದು ಕೊಡಬೇಕೆಂದು ಅವರೇ ತೀರ್ಮಾನಿಸಿದ್ದರು.

"ರುದ್ರಾಣಮ್ಮ, ಆ ಶೌಚಾಲಯದ ದಿನ ನೀರು ಎಲ್ಲಿತ್ತು, ಅಲ್ಲಿಗೆ ತಂದು ನಿಲ್ಲಿಸ್ಬೇಕು. ಒಂದೇ ದಿನ," ಎಂದರು.

"ಅದು ನಿಲ್ಲೋ ಜಾಗ ಅಲ್ಲ ಸಾರ್. ಒಂಚೂರು ಜಾರಿದ್ರೆ ಜಗಳಕ್ಕೆ ಹೋಗುತ್ತೆ."

"ಆವತ್ತು ನಿಂತಿತ್ತಲ್ಲ?"

"ಆವತ್ತು ಅದೃಷ್ಟ."

"ನನ್ನ ಅದೃಷ್ಟದ ಬಗ್ಗೆ ನಿನಗೆ ಗೊತ್ತಿಲ್ಲ," ಎಂದು ಅವರು ಹಂಡೆಯನ್ನು ಎಮ್ಮೆಯ ಬೆನ್ನು ಸವರುವ ಹಾಗೆ ಸವರಿದರು. ಬುಡದ ತಾಮ್ರ ಸುಟ್ಟಿರಬೇಕು, ಕೈ ಬೇಗ ತೆಗೆದರು.

ಆಗುವುದಿಲ್ಲವೆಂದು ನಾನು ಖಡಾಖಂಡಿತ ಹೇಳಬಹುದಿತ್ತು. ಆದರೆ ನನ್ನಿಂದ ಆಗುತ್ತದೆಂದು ನನಗೆ ಅನ್ನಿಸಿತ್ತು. ಅತ್ತೆಯ ಬಾಯಲ್ಲಿ ಇನ್ನೊಮ್ಮೆ ಸಾರಿನ ಮಾತು ಕೇಳುವ ಆಸೆಯೂ ಒಳಗೊಳಗೇ ಇತ್ತೋ ಏನೋ. "ಹಾಗಾದ್ರೆ ಒಂದು ವಾರ ಯಾರೂ ಈ ಮನೆಯೊಳಗೆ ಕಾಲಿಡಬಾರದು" ಎಂದೆ. ಅವರು ಒಪ್ಪಿದರು. ಒಪ್ಪಿದ ಖುಷಿಗೆ ಸದಸ್ಯರನ್ನೆಲ್ಲ ಕರೆದು ವಿಷಯ ಹೇಳಿಯೂಬಿಟ್ಟರು.

ನಾನು ದಿನಕ್ಕೊಂದಿಷ್ಟು ಏರಿಸುತ್ತ ಹೋದೆ. ಸಮಾರಂಭದ ಹಿಂದಿನ ದಿನದ ಹೊತ್ತಿಗೆ ನೀರು ಇನ್ನೂ ಹದದಿಂದ ಅಷ್ಟೇನೂ ಮೇಲೆ ಬಂದಿರಲಿಲ್ಲ. ಬರಬಾರದಿತ್ತು ಕೂಡ, ಬೇಕಾದ ಬಿಸಿ ಕಲ್ಲಿನಲ್ಲಿ ಸೇರಿ ದಾರಿಯಲ್ಲಿತ್ತು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದೆ. ಆ ಹೊತ್ತಿಗೆ ಕರಿಸಿದ್ದಪ್ಪನವರು ಬಂದು ಕೊಳವೆ ಮುಟ್ಟಿ ನೋಡಿದರಂತೆ. ಸಾಲದು ಅನ್ನಿಸಿತು. ಅಧ್ಯಕ್ಷರ ಮೇಲಿನ ಅಭಿಮಾನದಿಂದ ಎಷ್ಟು ಬಿಸಿ ಬೇಕೆಂದು ಗೊತ್ತುಮಾಡುವ, ಪೆಟ್ಟಿಗೆಯ ಹೊರಗಿನ ದೊಡ್ಡ ಗುಂಡಿಯನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿ, ಯಾರಿಗೂ ಹೇಳದೆ ಹೋದರು. ಅವರು ಹೋದ ಮೇಲೆ ಇನ್ನೊಬ್ಬ ಸದಸ್ಯರು ಬಂದರು. ಅವರಿಗೂ ಅಭಿಮಾನವಿತ್ತು. ಹೀಗೆ ಒಬ್ಬರ ಹಿಂದೊಬ್ಬರು, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಆಡಳಿತ ಪಕ್ಷವೆಲ್ಲ ಬಂದು ತಮ್ಮ ತಮ್ಮ ನಿಷ್ಠೆಯಷ್ಟು ತಿರುಗಿಸಿ ಹೋಯಿತು. ವಿರೋಧ ಪಕ್ಷದವರೊಬ್ಬರೂ ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ಪಕ್ಷ ಬದಲಿಸುವ ಯೋಚನೆಯಲ್ಲಿದ್ದ ಅವರು ಎಲ್ಲರಿಗಿಂತ ಜಾಸ್ತಿ ತಿರುಗಿಸಿದ್ದರು.

ನಾನು ವಾಪಸ್ಸು ಬಂದಾಗ ಗುಂಡಿ ಕೊನೆಯ ಗೀಟಿಗೆ ಬಡಿದು ನಿಂತಿತ್ತು, ಕಾಯಿಲ್ ಗುಂಯ್ಗುಡುತ್ತಿತ್ತು. ಕೂಡಲೇ ಎಲ್ಲ ಆರಿಸಿದೆ. ಆರಿಸಿ ಏನು ಪ್ರಯೋಜನ? ಕಲ್ಲು ನುಂಗಬೇಕಾದದ್ದನ್ನು ನುಂಗಿಯಾಗಿತ್ತು. ಕೂತು ಲೆಕ್ಕ ಹಾಕಿದೆ. ನಸುಕಿನ ನೀರು ಹೊಗಳಿಕೆಯಲ್ಲಿರುತ್ತದೆ. ಹೊತ್ತೇರಿದ ಹಾಗೆ ಅದನ್ನು ದಾಟಿ ಸುಡುತ್ತದೆ.

ಅಧ್ಯಕ್ಷರ ಮನೆಗೆ ಓಡಿದೆ. ಅಂಗಳದಲ್ಲಿ ಹಾರಗಳು ಬಂದಿಳಿಯುತ್ತಿದ್ದವು.

"ಸಾರ್, ನಾಳೆ ಬೇಗ ಮಿಂದವರು ಹೊಗಳ್ತಾರೆ. ತಡ ಮಾಡಿ ಮಿಂದವರು ಕೈಗೆ ಸಿಕ್ಕಿದ್ದು ತಗೊಂಡು ಬರ್ತಾರೆ. ಸಮಾರಂಭ ಮುಂದಕ್ಕೆ ಹಾಕಿ."

"ಹುಟ್ಟಿದ ದಿನ ಮುಂದಕ್ಕೆ ಹಾಕೋಕಾಗುತ್ತೇನಮ್ಮ? ಎಲ್ಲರೂ ಬೇಗ ಮೀಯಿರಿ ಅಂತ ಮೈಕಲ್ಲಿ ಕೂಗಿಸ್ತೀನಿ ಬಿಡು."

"ನೀವೂ ಬೇಗ ಮೀಯಿರಿ ಸಾರ್. ಮರೀಬೇಡಿ."

"ನನಗೇ ಹೇಳ್ತೀಯಲ್ಲ," ಎಂದು ಅವರು ನಕ್ಕರು.

ಆಟೋದಲ್ಲಿ ಮೈಕ್ ಕಟ್ಟಿ ಊರೆಲ್ಲ ಕೂಗಿಸಿದರು. ಬೇಗ ಮೀಯಿರಿ ಎಂದ ತಕ್ಷಣ, ಪುರಸಭೆ ಹೇಳಿದ್ದಕ್ಕೆ ಏನೋ ಕಾರಣವಿರುತ್ತದೆಂದು ಅರ್ಧ ಊರು ಬೇಕೆಂದೇ ತಡ ಮಾಡಿತು.

ಬೆಳಿಗ್ಗೆ ನಾನು ಮೀಯದೆಯೇ ಹೋದಾಗ ಪೆಂಡಾಲಿನ ಮುಂದಿನ ಸಾಲುಗಳು ತುಂಬಿದ್ದವು. ಅಧಿಕಾರಿಗಳು, ಗುತ್ತಿಗೆದಾರರು, ಸದಸ್ಯರು, ಅವರವರ ಮನೆಯವರು, ಎಲ್ಲ ನಸುಕಿನಲ್ಲೇ ಮಿಂದು ಬಂದವರು. ಒಬ್ಬರ ಅಂಗಿಯನ್ನು ಒಬ್ಬರು ಹೊಗಳುತ್ತಿದ್ದರು. ಕರಿಸಿದ್ದಪ್ಪನವರು ಮೈಕ್ ಹಿಡಿದು ಅಧ್ಯಕ್ಷರ ನಡಿಗೆ, ನಗು, ಕನ್ನಡಕ, ಕೊನೆಗೆ ಅವರ ಸ್ಕೂಟರಿನ ಸದ್ದನ್ನೂ ಹೊಗಳಿ ಗಂಟಲು ಕಟ್ಟಿ ಕೂತರು. ಅಷ್ಟಾದರೂ ಅಧ್ಯಕ್ಷರೇ ಬಂದಿರಲಿಲ್ಲ. ಹಿಂದಿನ ಸಾಲುಗಳಿಗೆ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಅವರ ಕಿವಿ ಕೆಂಪಗಿದ್ದವು. ಕುರ್ಚಿಗಳನ್ನು ಎಳೆಯುವ ಸದ್ದಿನಲ್ಲೇ ನನಗೆ ತಿಳಿದುಹೋಯಿತು.

ಅಧ್ಯಕ್ಷರ ಹೆಂಡತಿ ಶಾರದಕ್ಕ ಬೆವರೊರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತರು.

"ಎಲ್ಲಿ ಯಜಮಾನ್ರು?" ಎಂದೆ.

"ಬರ್ತಿದ್ದಾರೆ. ಅರವತ್ತು ತುಂಬಿತಲ್ಲ, ಎಣ್ಣೆ ಹಚ್ಚಿದ್ವಿ. ಎಣ್ಣೆ ಇಳೀಲಿ ಅಂತ ಒಂದು ಗಂಟೆ ಮಣೆ ಮೇಲೆ ಕೂರಿಸಿದ್ವಿ. ಈಗ ತಾನೇ ನೀರು ಹಾಕಿದ್ದು. ಏನು ಬಿಸಿ ಅಂತೀಯಾ!"

ನಾನು ಕುರ್ಚಿಯನ್ನು ಪೆಂಡಾಲಿನ ಅಂಚಿಗೆ ಎಳೆದುಕೊಂಡೆ.

ಅಧ್ಯಕ್ಷರು ಬಂದರು. ಮೈಸೂರು ಪೇಟ ತೊಡಿಸಿದರು, ಹಾರ ಹಾಕಿದರು, ಬಿರುದಿನ ಫಲಕ ಕೈಗಿತ್ತರು. ಅವರು ಅದನ್ನು ಓದಿ ನೋಡಿ ಮೇಜಿನ ಮೇಲೆ ಬೋರಲು ಹಾಕಿ, ಮೈಕನ್ನು ಕೊಕ್ಕೆಯಿಂದ ಕಿತ್ತುಕೊಂಡರು.

"ನಗರಭೂಷಣ ಅಂತೆ! ಯಾವನೋ ಅವನು ಬರೆದದ್ದು? ನಾನೇ ಬರೆದದ್ದು! ಆ ಶೌಚಾಲಯದ ಕೆಳಗೆ ಒಂದು ಪೈಪಾದ್ರೂ ಇದೆಯೇನ್ರೋ? ಇಲ್ಲ! ನಾನೇ ಹಾಕಿಸ್ಲಿಲ್ಲ! ನೀವು ನನ್ನ ಹೊತ್ಕೊಂಡು ಸುತ್ತು ಹಾಕಿದ್ರಲ್ಲ, ಒಬ್ಬನಾದ್ರೂ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿದ್ನಾ? ಏಯ್ ಕರಿಸಿದ್ದಪ್ಪ, ಸ್ಕೂಟರ್ ಸದ್ದು ಚೆನ್ನಾಗಿದೆಯಾ? ಸೈಲೆನ್ಸರ್ ಒಡೆದು ವರ್ಷ ಆಯ್ತು ಕಣೋ! ಅಧ್ಯಯನ ಪ್ರವಾಸದಲ್ಲಿ ನಾವು ಏನು ನೋಡಿದ್ವಿ ಹೇಳ್ಲಾ? ಸಮುದ್ರ! ಬರೀ ಸಮುದ್ರ!"

ಹಿಂದಿನ ಸಾಲಿನವರು ಕುರ್ಚಿ ಎತ್ತಿದ್ದರು. ಅವರು ಬೈಯಬೇಕೆಂದುಕೊಂಡು ಬಂದಿದ್ದನ್ನೆಲ್ಲ ಅಧ್ಯಕ್ಷರೇ ಬೈದುಕೊಳ್ಳುತ್ತಿದ್ದುದರಿಂದ ಎತ್ತಿದ ಕುರ್ಚಿಯನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತರು. ಮುಂದಿನ ಸಾಲಿನವರ ಕಣ್ಣಲ್ಲಿ ಮಾತ್ರ ನೀರು. "ಎಂಥಾ ಪ್ರಾಮಾಣಿಕತೆ!" ಎಂದು ಒಬ್ಬರು ಎದ್ದು ನಿಂತರು. "ಇಂಥ ಅಧ್ಯಕ್ಷರು ಯಾವ ಊರಿಗಿದ್ದಾರೆ ಹೇಳಿ!" ಎಂದು ಇನ್ನೊಬ್ಬರು. ಪ್ರತಿ ಬೈಗುಳಕ್ಕೂ ಚಪ್ಪಾಳೆ ಬಿತ್ತು. ಅಧ್ಯಕ್ಷರು ಇನ್ನಷ್ಟು ಕೆರಳಿ, "ಚಪ್ಪಾಳೆ ಹೊಡೀಬೇಡ್ರೋ ಮೂರ್ಖರಾ" ಎಂದರು. ಅದಕ್ಕೆ ಬಿದ್ದ ಚಪ್ಪಾಳೆಗೆ ಪೆಂಡಾಲಿನ ಪಾರಿವಾಳಗಳು ಎದ್ದು ಹೋದವು.

ಕೊನೆಗೆ ಹಿಂದಿನವರು ಕುರ್ಚಿ ಎಸೆದದ್ದು ಅಧ್ಯಕ್ಷರ ಮೇಲಲ್ಲ, ಚಪ್ಪಾಳೆ ಹೊಡೆಯುವವರ ಮೇಲೆ. ಏಟು ತಿಂದವರು ಎಸೆದವರ ಗುರಿಯನ್ನು ಹೊಗಳಿದರು. ಒಬ್ಬರ ತಲೆ ಒಡೆದು ಹೊಲಿಗೆ ಬಿತ್ತು. ಅದೊಂದು ಮಾತ್ರ ನಗುವ ವಿಷಯವಾಗಿರಲಿಲ್ಲ.

ನಾನು ಮನೆಗೆ ಬಂದಾಗ ಅತ್ತೆ ಆಗಷ್ಟೇ ಮಿಂದು ತಲೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಕಿವಿ ಕೆಂಪಗೆ. ಸಾರಿನ ಬಗ್ಗೆ ಏನು ಬರುತ್ತದೋ ಎಂದು ಕಾದೆ.

"ಬಂದ್ಯಾ? ಬಾ. ಆ ಹಂಡೆ ಮುಂದೆ ದಿನಗಟ್ಟಲೆ ಕೂರ್ತೀಯಲ್ಲ, ನನ್ನ ಮುಂದೆ ಒಂದು ದಿನ ಕೂತಿದ್ದೀಯಾ? ತಟ್ಟೆ ಇಡ್ತೀಯ, ಹೋಗ್ತೀಯ. ಅದಕ್ಕೆ ಕಾಯ್ತೀಯ, ಅದು ಏನು ಹೇಳುತ್ತೆ ಅಂತ ಕಿವಿಗೊಡ್ತೀಯ. ನಾನೇನು ಆ ತಾಮ್ರಕ್ಕಿಂತ ಕಡೆಯೇನೇ?"

ಸುಡುನೀರಿನ ದಿನದ ಮಾತಿಗೆ ಮರುದಿನ ಯಾರೂ ಲೆಕ್ಕ ಇಡುವುದಿಲ್ಲ, ಅದು ಊರಿನ ಪದ್ಧತಿ. ಅತ್ತೆಯೂ ಮರುದಿನ ಏನೂ ಆಡದವರ ಹಾಗೆ ಹಲ್ಲುಜ್ಜಿ ಕಾಫಿ ಕುಡಿದರು. ನಾನು ನನ್ನ ಲೋಟ ಕೆಳಗಿಟ್ಟೆ. "ಅತ್ತೆ, ಹಂಡೆಮನೆ ಬೆಚ್ಚಗಿರುತ್ತೆ. ಅವರೆಕಾಯಿ ಸುಲಿಯೋಕೆ ಒಬ್ಬಳಿಗೇ ಆಗ್ತಿಲ್ಲ. ಬರ್ತೀರಾ?" ಎಂದೆ. ಅವರು ಸೊಂಟ ನೋವೆಂದು ಗೊಣಗಿ, ಸೆರಗು ಸರಿಮಾಡಿಕೊಂಡು, ನನಗಿಂತ ಮೊದಲು ಚಪ್ಪಲಿ ಮೆಟ್ಟಿದರು.

ವಿಚಾರಣೆ ನಡೆಯಿತು. ಗುಂಡಿ ಮುಟ್ಟಿದವರೆಲ್ಲ ಸದಸ್ಯರಾದ್ದರಿಂದ, ಮುಟ್ಟದೆ ಇದ್ದವಳು ನಾನೊಬ್ಬಳೇ ಆದ್ದರಿಂದ, ಕರ್ತವ್ಯಲೋಪ ನನ್ನದೆಂದು ತೀರ್ಮಾನವಾಯಿತು. ನೋಟಿಸು ಕೊಟ್ಟರು. ಆದರೆ ಬೇರೆ ಯಾರಿಗೂ ಪೆಟ್ಟಿಗೆಯ ಒಳಗೇನಿದೆ ಎಂದು ತಿಳಿಯದ್ದರಿಂದ ಕೆಲಸದಿಂದ ತೆಗೆಯಲಿಲ್ಲ. ಚುನಾವಣೆಯಲ್ಲಿ ಕೊಟ್ರಬಸಪ್ಪನವರು ಹಿಂದೆಂದಿಗಿಂತ ಹೆಚ್ಚು ಮತಗಳಿಂದ ಗೆದ್ದರು. 'ಇದ್ದದ್ದನ್ನು ಇದ್ದ ಹಾಗೆ ಹೇಳುವ ನಾಯಕ' ಎಂದು ಗೋಡೆಗಳ ಮೇಲೆ ಬರೆಸಿದ್ದರು. ಮತದಾನದ ದಿನ ನೀರು ಹದದಲ್ಲಿತ್ತು, ಆ ಕೆಲಸ ನಾನೇ ಮಾಡಿದ್ದು. ಜನ ಪೂರ್ತಿ ಬುದ್ಧಿಯಲ್ಲಿದ್ದುಕೊಂಡೇ ಮತ ಹಾಕಿದರು. ಶೌಚಾಲಯಕ್ಕೆ ಪೈಪು ಇನ್ನೂ ಬಂದಿಲ್ಲ. ಇಲ್ಲವೆಂದು ಅವರೇ ಹೇಳಿದ್ದಾರಲ್ಲ, ಇನ್ನೇನು ಕೇಳುವುದೆಂದು ಜನ ಸುಮ್ಮನಿದ್ದಾರೆ.

ಗೆದ್ದ ಮೇಲೆ ಸದಸ್ಯರೆಲ್ಲ ಸೇರಿ ಒಂದು ನಿರ್ಣಯ ಮಾಡಿದರು. ಊರಿನ ಮನಸ್ಸನ್ನು ಒಬ್ಬ ಹೆಂಗಸಿನ ಕೈಗೆ ಬಿಡುವುದು ಪ್ರಜಾಪ್ರಭುತ್ವವಲ್ಲ; ಪ್ರತಿ ಸದಸ್ಯರಿಗೂ ಒಂದೊಂದು ಗುಂಡಿ ಬೇಕು. ನಾನು ಒಪ್ಪಿದೆ. ಪೇಟೆಯಿಂದ ಒಳ್ಳೆಯ ಹೊಳೆಯುವ ಗುಂಡಿಗಳನ್ನು ತರಿಸಿ, ಗೋಡೆಯ ಉದ್ದಕ್ಕೂ ಹಲಗೆ ಹೊಡೆದು, ಸಾಲಾಗಿ ಕೂರಿಸಿ, ಪ್ರತಿಯೊಂದರ ಕೆಳಗೆ ಅವರವರ ಹೆಸರು ಬರೆಸಿದೆ. ಹಲಗೆಯ ಹಿಂದೆ ತಂತಿ ಇಲ್ಲ, ಸುಣ್ಣದ ಗೋಡೆ ಇದೆ. ನಿಜವಾದ ಪೆಟ್ಟಿಗೆಯನ್ನು ಕಲ್ಲುಹಾಸಿನ ಹಿಂದಿನ ಗೂಡಿಗೆ ಸಾಗಿಸಿದೆ.

ಈಗ ದಿನಾ ಯಾರಾದರೂ ಬರುತ್ತಾರೆ. ತಮ್ಮ ಗುಂಡಿಯನ್ನು ತಿರುಗಿಸಿ, ಕೊಳವೆ ಮುಟ್ಟಿ, ಗಂಭೀರವಾಗಿ ತಲೆಯಾಡಿಸಿ ಹೋಗುತ್ತಾರೆ. ಹಂಡೆ ಹದದಲ್ಲಿದೆ. ಮೊನ್ನೆ ಅಧ್ಯಕ್ಷರು ಒಬ್ಬರೇ ಬಂದರು. ತಿರುಗಿಸಿದರು. ಹೊರಡದೆ ನಿಂತು, ಅತ್ತೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ರುದ್ರಾಣಮ್ಮ, ನಿಜ ಹೇಳು. ಇವೆಲ್ಲ ಸುಳ್ಳು ಗುಂಡಿ ಅಲ್ವಾ?" ಎಂದರು.

ನಾನು ಸುಲಿಯುತ್ತಿದ್ದ ಕಾಯನ್ನು ಕೆಳಗಿಟ್ಟೆ. "ಹೌದು ಸಾರ್. ನಿಮ್ಮದೊಂದು ಬಿಟ್ಟು."

ಅವರ ಮುಖ ಅರಳಿತು. "ನನಗೆ ಗೊತ್ತಿತ್ತು," ಎಂದು ಗುಂಡಿಯನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ, ಪಕ್ಕದ ಗುಂಡಿಗಳನ್ನು ಕನಿಕರದಿಂದ ನೋಡಿ ಹೊರಟರು. ಹಿಂದಿನ ವಾರ ಕರಿಸಿದ್ದಪ್ಪನವರೂ ಹೀಗೇ ಹೋಗಿದ್ದರು.

ಅವರ ಸ್ಕೂಟರಿನ ಸದ್ದು ದೂರವಾದ ಮೇಲೆ ಅತ್ತೆ ಕೇಳಿದರು. ಅವರಿಗೆ ಎಲ್ಲ ಕೇಳಿಸಿತ್ತು.

"ಅವರದ್ದಾದ್ರೂ ನಿಜವಾದ್ದೇನೇ?"

"ಇಲ್ಲ ಅತ್ತೆ. ಎಲ್ಲದರ ಹಿಂದೆಯೂ ಬರೀ ಗೋಡೆ."

ಅತ್ತೆ ಹಲಗೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಮಡಿಲಿನ ಸಿಪ್ಪೆ ಕೊಡವಿ, ಮೊಣಕಾಲು ಹಿಡಿದುಕೊಂಡು ಎದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಸಾಲಿನ ಕೊನೆಯಲ್ಲಿದ್ದ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಒಂದಿಷ್ಟು ಬಲಕ್ಕೆ ತಿರುಗಿಸಿದರು. ಯೋಚಿಸಿ, ತುಸು ಎಡಕ್ಕೆ ತಂದರು. ಕೊಳವೆ ಮುಟ್ಟಿ ನೋಡಿದರು.

"ಈಗ ನೋಡು, ಸರಿಯಾಯ್ತು," ಎಂದು ಬಂದು ಕೂತು ಕಾಯಿಗೆ ಕೈಹಾಕಿದರು.